ಆರತಿಯನ್ನು ಕಣ್ಣಿಗೊತ್ತಿಕೊಳ್ಳದ ಆಂಜನಮ್ಮ

ಹಳೇ ದೊಮ್ಮಲೂರಿನಲ್ಲಿ ಆಂಜನಮ್ಮನ ತಂಬಿಟ್ಟಿಗೆ ಒಂದು ಗತ್ತಿತ್ತು. ಅಕ್ಕಿ ಹಿಟ್ಟು, ಬೆಲ್ಲ, ಹುರಿಗಡಲೆ, ಎಳ್ಳು ಎಲ್ಲರ ಮನೆಯಲ್ಲೂ ಅವೇ. ಆದರೂ ಹೆಂಗಸರು ಊರಮ್ಮನ ಗುಡಿಗೆ ಆರತಿ ಹೊತ್ತು ಸಾಲಾಗಿ ಹೊರಟಾಗ ಬೇರೆಯವರ ತಂಬಿಟ್ಟು ಅರ್ಧ ದಾರಿಗೇ ಬಿರುಕು ಬಿಟ್ಟು, ನಡುವಿನ ಗುಳಿಯಲ್ಲಿ ಉರಿಯುವ ತುಪ್ಪದ ದೀಪ ಓಲಾಡುತ್ತಿತ್ತು. ಆಂಜನಮ್ಮನದು ಗುಡಿ ಮುಟ್ಟುವವರೆಗೂ ಜಪ್ಪಯ್ಯ ಅನ್ನುತ್ತಿರಲಿಲ್ಲ. "ಹದ ಹೇಳ್ಕೊಡು ಅತ್ತಿಗೆ" ಎಂದು ನಾದಿನಿ ಯಶೋದಮ್ಮ ಪ್ರತಿ ವರ್ಷ ಕೇಳುತ್ತಿದ್ದಳು. "ಹೇಳ್ಕೊಟ್ರೆ ಬರೋದಲ್ಲ ಅದು" ಎಂದು ಆಂಜನಮ್ಮ ಪ್ರತಿ ವರ್ಷ ಉತ್ತರಿಸುತ್ತಿದ್ದಳು. ಸ್ವಲ್ಪ ಜಂಬದ ಹೆಂಗಸೇ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಅವರದು ಸೊಪ್ಪಿನ ತೋಟದ ಮನೆತನ. ಇಂದಿರಾನಗರದ ಬಡಾವಣೆ ಎದ್ದಾಗ ತೋಟದ ಒಂದು ಪಾಲು ಹೋಯಿತು, ರಿಂಗ್ ರೋಡಿನ ಮಾತು ಬಂದಾಗ ಇನ್ನೊಂದು ಪಾಲು. ಉಳಿದದ್ದು ಮನೆ, ಹಿತ್ತಲಿನಲ್ಲಿ ಕಟ್ಟಿಸಿದ ಬಾಡಿಗೆ ಕೋಣೆಗಳು, ಬಾವಿಯ ಪಕ್ಕದ ಒಂದು ಪಟ್ಟಿ ನೆಲ. ಗಂಡ ರಾಮಾಂಜಿನಪ್ಪ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಸಾಧು ಮನುಷ್ಯ. ಬಾಡಿಗೆದಾರರ ಹತ್ತಿರ ನಲ್ಲಿ ನೀರಿನ ಜಗಳಕ್ಕೂ ಹೆಂಡತಿಯನ್ನೇ ಮುಂದೆ ಬಿಡುತ್ತಿದ್ದ. ಇಷ್ಟೆಲ್ಲ ಇದ್ದ ಮೇಲೆ ಕೂತು ಉಣ್ಣಬಹುದಿತ್ತು. ಆಂಜನಮ್ಮನಿಗೆ ಕೂತು ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಪಟ್ಟಿ ನೆಲದಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ಬೆಳೆದು, ಬೆಳಗಾದರೆ ಕುಕ್ಕೆ ತುಂಬಿಕೊಂಡು ಹಲಸೂರು ಮಾರ್ಕೆಟ್ಟಿನಲ್ಲಿ ಹಾಜರಾಗುತ್ತಿದ್ದಳು. ಅಲ್ಲಿಯ ಗಿರಾಕಿಗಳೊಡನೆ ಕನ್ನಡ, ತಮಿಳು, ಉರ್ದು ಮೂರರಲ್ಲೂ ಜಗಳವಾಡಬಲ್ಲವಳಾಗಿದ್ದಳು.

ಸಕ್ಕರೆ ಕಾಯಿಲೆ ಅವಳಿಗೆ ಬಹಳ ವರ್ಷಗಳಿಂದ ಇತ್ತು. ನೆನಪಾದಾಗ ಮಾತ್ರೆ, ಕಾಫಿಗೆ ಸಕ್ಕರೆ ಕಡಿಮೆ, ಇಷ್ಟೇ ಅವಳ ಪಥ್ಯ. ಹಬ್ಬದ ಹೋಳಿಗೆ ಒಂದೇ ಒಂದು. ದೇವರ ಪ್ರಸಾದವಂತೂ ಲೆಕ್ಕಕ್ಕೇ ಇಲ್ಲ. ಊರಮ್ಮ ಕೊಟ್ಟದ್ದು ಮೈಗೆ ಕೆಡುಕು ಮಾಡುತ್ತದೆಯೇ? ಇದು ಆಂಜನಮ್ಮನೊಬ್ಬಳ ಬುದ್ಧಿಯಲ್ಲ, ಇಡೀ ಬೀದಿಯ ಬುದ್ಧಿ. ಸಕ್ಕರೆ ಕಾಯಿಲೆಯ ಡಾಕ್ಟರು "ಸಿಹಿ ತಿಂತೀರಾ?" ಎಂದು ಕೇಳಿದರೆ ಆ ಬೀದಿಯ ಎಲ್ಲರೂ ಮನಃಪೂರ್ವಕವಾಗಿ "ಇಲ್ಲ ಸಾರ್" ಎನ್ನುತ್ತಿದ್ದರು, ಕೈಯಲ್ಲಿ ಇನ್ನೂ ಸಿಹಿ ಪೊಂಗಲಿನ ತುಪ್ಪ ಹೊಳೆಯುತ್ತಿದ್ದರೂ.

ತೊಂಬತ್ತೇಳನೇ ಇಸವಿಯಲ್ಲಿ ಅವಳ ಬಲಗಣ್ಣಿಗೆ ಪೊರೆ ಬಂತು. ಕಂಟೋನ್ಮೆಂಟ್ ಕಡೆಯ ಒಂದು ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ್ ಶಾಂತಕುಮಾರಿ ಪೊರೆ ತೆಗೆದು ಲೆನ್ಸು ಕೂರಿಸಿದರು. ಮನೆಗೆ ಕಳಿಸುವ ದಿನ ನರ್ಸ್ ಸಾಲೇಹಾ ಎದುರಿಗೆ ಕೂರಿಸಿಕೊಂಡು ಹೇಳಿದಳು: "ಅಮ್ಮಾ, ಸರಿಯಾಗಿ ಕೇಳ್ಕೊಳ್ಳಿ. ಕಣ್ಣು ಒತ್ಬಾರ್ದು, ಉಜ್ಬಾರ್ದು. ಡ್ರಾಪ್ಸ್ ನಾವು ನಿಲ್ಸಿ ಅನ್ನೋವರ್ಗೂ ಹಾಕ್ತಾನೇ ಇರ್ಬೇಕು. ಗುರುವಾರ ಚೆಕಪ್‌ಗೆ ಬರ್ಬೇಕು. ಶುಗರ್ ಇದೆ ನಿಮ್ಗೆ, ಬೇರೆಯವರಿಗಿಂತ ಡಬಲ್ ಹುಷಾರಾಗಿರ್ಬೇಕು." ಆಂಜನಮ್ಮ ಹೂಂಗುಟ್ಟಿದಳು. ಅವಳ ಮನಸ್ಸೆಲ್ಲ ಕಿಟಕಿಯಾಚೆಯ ಗುಲ್‌ಮೊಹರಿನ ಕೆಂಪಿನ ಮೇಲಿತ್ತು. ಅಂಥ ಕೆಂಪನ್ನು ಅವಳು ಕಂಡು ಯಾವ ಕಾಲವಾಗಿತ್ತೋ.

ಮನೆಗೆ ಬಂದಳು, ಊರು ಹಿಂದೆಯೇ ಬಂತು. ಅಲ್ಲಿಯ ರೂಢಿ ಹೀಗಿದೆ: ದೊಡ್ಡ ಕಾಯಿಲೆಯಿಂದ ಎದ್ದವರ ಹೆಸರಿನಲ್ಲಿ ನೆಂಟರ ಮನೆಮನೆಯವರೂ ಊರಮ್ಮನಿಗೆ ತಂಬಿಟ್ಟಿನ ಆರತಿ ಎತ್ತುತ್ತಾರೆ. ಗುಡಿಯಿಂದ ದೀಪ ಆರದ ಹಾಗೆ ಆ ಮನೆಗೆ ತರುತ್ತಾರೆ. ಎದ್ದವರು ದೀಪದ ಮೇಲೆ ಅಂಗೈ ಹಿಡಿದು, ಆ ಬಿಸಿಯನ್ನು ಕಣ್ಣಿಗೊತ್ತಿಕೊಂಡು, ತಂಬಿಟ್ಟಿನ ಒಂದು ತುಂಡು ತಿನ್ನಬೇಕು. ಒಬ್ಬರದು ತಿಂದು ಇನ್ನೊಬ್ಬರದು ಬಿಟ್ಟರೆ ಜನ್ಮದ ಮುನಿಸು. ಇವತ್ತು ಈ ಮನೆ, ನಾಳೆ ಆ ಮನೆ ಎಂದು ಆರತಿಗಳು ಬರುತ್ತಲೇ ಇದ್ದವು. ಆಂಜನಮ್ಮ ಪ್ರತಿಯೊಂದನ್ನೂ ಭಕ್ತಿಯಿಂದ ಕಣ್ಣಿಗೊತ್ತಿಕೊಂಡಳು, ಗಟ್ಟಿಯಾಗಿಯೇ. ಪ್ರತಿಯೊಂದನ್ನೂ ತಿಂದಳು. ಮಿಕ್ಕದ್ದನ್ನು ಸಂಜೆ ಕಾಫಿಯ ಜೊತೆ ಮತ್ತೆ ತಿಂದಳು, ಪ್ರಸಾದ ಹಾಳು ಮಾಡಬಾರದಲ್ಲ. ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದುದರಿಂದ ಡ್ರಾಪ್ಸಿನ ಬಾಟಲಿ ಮುಗಿದಾಗ ಹೊಸದು ತರಿಸಲಿಲ್ಲ. ಗುರುವಾರ ಬಂದರೆ ಒಂದು ಸಲ ಗೃಹಪ್ರವೇಶ, ಇನ್ನೊಂದು ಸಲ ಸೀಮಂತ. ಮುಂದಿನ ಗುರುವಾರ ಹೋದರಾಯಿತು ಎಂದುಕೊಂಡಳು. ಮುಂದಿನ ಗುರುವಾರವೂ ಹಾಗೆಯೇ ಅಂದುಕೊಂಡಳು.

ಒಂದು ಬೆಳಿಗ್ಗೆ ಅಂಗಳದಲ್ಲಿ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಾಗ ಎಡಗಣ್ಣಿಗೆ ಧೂಳು ಬಿತ್ತು. ಅದನ್ನು ಮುಚ್ಚಿಕೊಂಡು ಬಲಗಣ್ಣಿನಿಂದ ಗಂಡನ ಕಡೆ ನೋಡಿದಳು. ರಾಮಾಂಜಿನಪ್ಪನ ಕಿವಿಗಳು ಕಂಡವು, ತಲೆಗೆ ಸುತ್ತಿದ ಟವಲು ಕಂಡಿತು. ನಡುವೆ ಮುಖ ಇರಬೇಕಾದ ಕಡೆ ಒದ್ದೆ ಬಟ್ಟೆಯಲ್ಲಿ ಒರೆಸಿದಂಥ ಕಲೆ. "ರೀ, ಮಾತಾಡಿ" ಎಂದಳು. "ಏನ್ ಮಾತಾಡ್ಲಿ?" ಎಂದ ಅವನು. ದನಿ ಆ ಕಲೆಯೊಳಗಿಂದ ಬಂತು. ಅವತ್ತು ಆಂಜನಮ್ಮ ಕುಕ್ಕೆಯನ್ನು ಅಲ್ಲಿಯೇ ಬಿಟ್ಟು ಆಸ್ಪತ್ರೆಗೆ ಹೊರಟಳು.

ಡಾಕ್ಟರ್ ಶಾಂತಕುಮಾರಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಿಟಕಿ ಗಾಜು ನಾನು ಒರೆಸಿ ಕೊಟ್ಟೆ ಅಮ್ಮ. ಒಳಗಿನ ಗೋಡೆ ನೀರು ಕುಡಿದು ಊದ್ಕೊಂಡಿದೆ. ಕಣ್ಣಿನ ಹಿಂದೆ ಒಂದು ಪರದೆ ಇರುತ್ತೆ, ಶುಗರ್ ಇರೋರಿಗೆ ಅದು ಮೊದಲೇ ಬಲ ಕಳ್ಕೊಂಡಿರುತ್ತೆ. ಆಪರೇಷನ್ ಆದ್ಮೇಲೆ ಊತ ಬರೋ ಚಾನ್ಸ್ ಜಾಸ್ತಿ. ಅದಕ್ಕೇ ಡ್ರಾಪ್ಸು, ಅದಕ್ಕೇ ಚೆಕಪ್ಪು. ಶುರುವಲ್ಲೇ ಬಂದಿದ್ರೆ ಇಳಿಸಬಹುದಿತ್ತು." ಲೇಸರ್ ಮಾಡಿದರು. ಕಲೆ ಬೆಳೆಯುವುದು ನಿಂತಿತು, ಹೋಗಲಿಲ್ಲ. ಬಲಗಣ್ಣಿನ ಪಾಲಿಗೆ ಜನರೆಲ್ಲ ಮುಖವಿಲ್ಲದವರಾದರು.

ಬೀದಿಯಲ್ಲಿ ಸುದ್ದಿ ಬೇರೆಯದೇ ರೀತಿಯಲ್ಲಿ ಹರಡಿತು. ಆಪರೇಷನ್ನಿಂದ ಕಣ್ಣು ಹೋಯಿತಂತೆ, ಕೊಯ್ಯಿಸಿಕೊಳ್ಳಬಾರದಿತ್ತಂತೆ. ಯಶೋದಮ್ಮನಂತೂ ಎದುರಿನ ತನ್ನ ಮನೆಯ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಅದನ್ನೇ ಹೇಳಿದಳು. ಅವಳಿಗೂ ಸಕ್ಕರೆ ಇತ್ತು, "ಸ್ವಲ್ಪ" ಇತ್ತು. ಕೇಳಿದವರಿಗೆ ಬೆರಳ ತುದಿಯಲ್ಲಿ ಎಷ್ಟು ಸ್ವಲ್ಪ ಎಂದು ತೋರಿಸುತ್ತಿದ್ದಳು. ಆಂಜನಮ್ಮ ಇದನ್ನೆಲ್ಲ ಕೇಳಿಯೂ ಬಾಯಿ ಬಿಡಲಿಲ್ಲ. ತಾನು ಹೂಂಗುಟ್ಟಿದ್ದು ಏನಕ್ಕೆ, ಮಾಡಿದ್ದು ಏನು ಎಂಬುದು ಅವಳಿಗೆ ಗೊತ್ತಿತ್ತು.

ಮೂರು ವರ್ಷ ಕಳೆದ ಮೇಲೆ ಎಡಗಣ್ಣಿಗೂ ಪೊರೆ ಬಲಿಯಿತು. ಮೆಂತ್ಯದ ಮೊಳಕೆಯ ಜೊತೆ ಕಳೆಯನ್ನೂ ಬಿಟ್ಟು, ಕಳೆಯ ಜೊತೆ ಮೆಂತ್ಯವನ್ನೂ ಕೀಳತೊಡಗಿದಳು. ಇನ್ನು ಸ್ವಲ್ಪ ದಿನ ಹೋದರೆ ಅಂಗಳಕ್ಕೂ ಒಬ್ಬರು ಕೈ ಹಿಡಿದು ನಡೆಸಬೇಕು. ಅದನ್ನು ನೆನೆದರೆ ಅವಳಿಗೆ ಸಾವಿಗಿಂತ ಹೆಚ್ಚು ಭಯವಾಗುತ್ತಿತ್ತು. ಮನೆಯವರೆಲ್ಲ ಸೇರಿ ಬೇಡವೆಂದರು. ಮಗ ಪ್ರೇಮ್‌ಕುಮಾರ್ ಕೆ.ಆರ್. ಪುರದಿಂದ ಅದಕ್ಕಾಗಿಯೇ ಬಂದು ಬೇಡವೆಂದ. "ಇರೋದೊಂದನ್ನೂ ಕಳ್ಕೊಳ್ತೀಯಾ ಅತ್ತಿಗೆ? ಮಸುಕಾಗಿ ಆದ್ರೂ ಕಾಣುತ್ತಲ್ಲ, ಬಿಟ್ಬಿಡು" ಎಂದು ಯಶೋದಮ್ಮ ಕಣ್ಣೀರು ಹಾಕಿದಳು. ಆಂಜನಮ್ಮ ಎಲ್ಲರ ಮಾತೂ ಮುಗಿಯಲಿ ಎಂದು ಕಾದು ಹೇಳಿದಳು: "ಮಾಡಿಸ್ಕೊಳ್ತೀನಿ. ಈ ಸಲ ಯಾರೂ ನಂಗೆ ಏನೂ ಹೇಳಕ್ಕೆ ಬರ್ಬೇಡಿ."

ಡಾಕ್ಟರ್ ಶಾಂತಕುಮಾರಿ ಎಡಗಣ್ಣಿಗೆ ಔಷಧ ಬಿಟ್ಟು, ಪಾಪೆ ಹಿಗ್ಗಿಸಿ, ಬೆಳಕು ಹಾಯಿಸಿ ಬಹಳ ಹೊತ್ತು ನೋಡಿದರು. "ಪೊರೆ ಇವತ್ತೇ ತೆಗೀಬಹುದು, ಆದ್ರೆ ತೆಗೆಯಲ್ಲ. ಮೊದ್ಲು ನಿಮ್ಮ ಶುಗರ್ ಹಿಡಿತಕ್ಕೆ ಬರ್ಲಿ. ಹಿಂದಿನ ಪರದೆಗೆ ಲೇಸರ್ ಆಗ್ಲಿ. ಆಮೇಲೆ ಮಾತಾಡೋಣ."

"ಈ ಕಣ್ಣು ಉಳಿಯುತ್ತಾ ಡಾಕ್ಟ್ರೇ?"

"ಗ್ಯಾರಂಟಿ ಕೊಡಕ್ಕೆ ನಾನೇನು ಮಿಕ್ಸಿ ಮಾರ್ತಾ ಇಲ್ಲ. ಅರ್ಧ ಕೆಲಸ ನಂದು, ಇನ್ನರ್ಧ ನಿಮ್ದು."

"ನನ್ನರ್ಧ ನಂಗೆ ಬಿಡಿ" ಎಂದಳು ಆಂಜನಮ್ಮ.

ಆ ಅರ್ಧವನ್ನು ಅವಳು ಮಾಡಿದ ರೀತಿ ನೋಡಿ ಮನೆಯವರು ದಂಗಾದರು. ಅವಳ ತಟ್ಟೆಯ ಮುದ್ದೆ ಚಿಕ್ಕದಾಯಿತು, ಸೊಪ್ಪಿನ ಸಾರು ದೊಡ್ಡದಾಯಿತು. ಮಾರ್ಕೆಟ್ಟಿಗೆ ಬಸ್ಸು ಬಿಟ್ಟು ನಡೆದೇ ಹೋಗತೊಡಗಿದಳು. ಮಾತ್ರೆಗೆ ಒಂದು ದಿನ ತಪ್ಪಲಿಲ್ಲ. ಗೌರಿ ಹಬ್ಬಕ್ಕೆ ತಂಬಿಟ್ಟು ಮಾಡಿದಳು, ಆದರೆ ಪಾಕದ ಹದವನ್ನು ಬೆರಳಿನಲ್ಲೇ ನೋಡಿ ಕೈ ತೊಳೆದುಕೊಂಡಳು. ಗುಡಿಯಲ್ಲಿ ಪೂಜಾರಿ ಪ್ರಸಾದ ಕೊಟ್ಟರೆ ಎರಡು ಕೈಯಲ್ಲಿ ತೆಗೆದುಕೊಂಡು, ಹೊರಗೆ ಬಂದು ಮೊದಲು ಸಿಕ್ಕಿದ ಮಗುವಿನ ಬಾಯಿಗೆ ಹಾಕುತ್ತಿದ್ದಳು. ದೊಮ್ಮಲೂರಿನ ಮಕ್ಕಳಿಗೆ ಆ ವರ್ಷ ಭಾರಿ ಪುಣ್ಯ ಬಂದಿರಬೇಕು. ಬಾಯಿ ಚಪ್ಪರಿಸುವ ಆಸೆ ಇರಲಿಲ್ಲವೆಂದಲ್ಲ. ಬೆಲ್ಲದ ವಾಸನೆ ಬಂದಾಗಲೆಲ್ಲ ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಿನಿಂದ ಒಮ್ಮೆ ಲೋಕವನ್ನು ನೋಡುತ್ತಿದ್ದಳು. ಆಸೆ ತಾನಾಗಿಯೇ ಇಳಿಯುತ್ತಿತ್ತು.

ಸಕ್ಕರೆ ಇಳಿಯಿತು. ಲೇಸರ್ ಆಯಿತು. ಎರಡು ಸಾವಿರದ ಒಂದರ ಬೇಸಗೆಯ ಆರಂಭದಲ್ಲಿ ಎಡಗಣ್ಣಿನ ಆಪರೇಷನ್ನೂ ಆಯಿತು. ಈ ಸಲ ಸಾಲೇಹಾ ಎದುರಿಗೆ ಕೂತು ಬಾಯಿ ತೆರೆಯುವ ಮೊದಲೇ ಆಂಜನಮ್ಮ ಹೇಳಿದಳು: "ನೀನು ಹೇಳಮ್ಮ. ಹೇಳಿದ್ಮೇಲೆ ನಾನ್ ಒಂದು ಸಲ ಒಪ್ಪಿಸ್ತೀನಿ. ತಪ್ಪಿದ್ರೆ ತಿದ್ದು." ಎರಡು ಬಗೆಯ ಡ್ರಾಪ್ಸು, ಒಂದಾದ ಮೇಲೆ ಇನ್ನೊಂದಕ್ಕೆ ಸ್ವಲ್ಪ ಬಿಡುವು, ಬಾಟಲಿಯ ತುದಿ ಕಣ್ಣಿಗೆ ತಾಗಬಾರದು, ಊತ ಬರದಂತೆ ಕೊಟ್ಟದ್ದನ್ನು ಬೇರೆಯವರಿಗಿಂತ ಹೆಚ್ಚು ದಿನ ಹಾಕಬೇಕು, ಕಣ್ಣು ಕೆಂಪಾದರೆ, ನೋವಾದರೆ, ಮಂಜಾದರೆ ಕಾಯದೆ ಬರಬೇಕು. ಆಂಜನಮ್ಮ ಸಬ್ಬಸಿಗೆ ಸೊಪ್ಪಿನ ರೇಟು ಕೂಗಿದಷ್ಟೇ ಸಲೀಸಾಗಿ ಎಲ್ಲವನ್ನೂ ಒಪ್ಪಿಸಿದಳು. "ಫಸ್ಟ್ ಕ್ಲಾಸ್ ಅಮ್ಮಾ" ಎಂದು ಸಾಲೇಹಾ ನಕ್ಕಳು.

ಡ್ರಾಪ್ಸ್ ಹಾಕುವ ಹೊಣೆ ರಾಮಾಂಜಿನಪ್ಪನದಾಯಿತು. ಮಿಷನ್ನಿನ ಮುಂದೆ ಇಡೀ ಜೀವಮಾನ ನಿಂತ ಮನುಷ್ಯನಿಗೆ ಹೆಂಡತಿಯ ಕಣ್ಣಿನ ಮುಂದೆ ಕೈ ನಡುಗಿತು. ಮೊದಮೊದಲು ಬಾಟಲಿ ಬಗ್ಗಿಸುವಾಗ ತನ್ನ ಕಣ್ಣನ್ನೇ ಮುಚ್ಚಿಕೊಳ್ಳುತ್ತಿದ್ದ; ಔಷಧ ಕೆನ್ನೆಗೆ, ಕಿವಿಗೆ ಹೋಗುತ್ತಿತ್ತು.

"ಕೈ ತೊಳ್ಕೊಂಡ್ರಾ?"

"ಹೂಂ."

"ಸೋಪಲ್ಲಿ?"

ರಾಮಾಂಜಿನಪ್ಪ ಎದ್ದು ಬಚ್ಚಲಿಗೆ ಹೋಗುತ್ತಿದ್ದ. ವಾರ ಕಳೆಯುವಷ್ಟರಲ್ಲಿ ಅವನ ಕೈ ಪಳಗಿತು. ತೊಟ್ಟು ಸರಿಯಾಗಿ ಕಣ್ಣಿನಲ್ಲೇ ಬಿದ್ದ ದಿನ ಅವನ ಮುಖದಲ್ಲಿ ಪ್ರಮೋಷನ್ ಸಿಕ್ಕಿದವನ ಕಳೆ ಇತ್ತು, ಮತ್ತು ಆ ಕಳೆಯನ್ನು ಆಂಜನಮ್ಮ ಮೂಗು, ಬಾಯಿ, ಮೀಸೆ ಸಮೇತ ಕಂಡಳು.

ಇನ್ನು ಉಳಿದದ್ದು ಊರು. ಆಪರೇಷನ್ನಿಗೆ ಮೊದಲೇ ಆಂಜನಮ್ಮ ನೆಂಟರ ಮನೆಮನೆಗೂ ಹೋಗಿ ಹೇಳಿ ಬಂದಿದ್ದಳು: "ನನ್ನ ಹೆಸರಲ್ಲಿ ಆರತಿ ಎತ್ತೋದಾದ್ರೆ ಗುಡೀಲೇ ಎತ್ತಿ, ಅಮ್ಮನಿಗೇ ಒಪ್ಪಿಸಿ ಬನ್ನಿ. ಮನೆಗೆ ತರ್ಬೇಡಿ. ನಾನು ತಿನ್ನೋ ಹಾಗಿಲ್ಲ, ಕಣ್ಣಿಗೆ ಕೈ ಹಚ್ಚೋ ಹಾಗಿಲ್ಲ." ಕೆಲವರು ಮೂಗು ಮುರಿದರು, ಕೆಲವರು ಹುಬ್ಬೇರಿಸಿದರು, ಕೊನೆಗೆ ಒಪ್ಪಿದರು. ಯಶೋದಮ್ಮ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಆಪರೇಷನ್ನಾದ ಮೇಲೆ ಒಂದು ಶುಕ್ರವಾರ ಸಂಜೆ ಅವಳು ಬಂದೇಬಿಟ್ಟಳು. ತಲೆಗೆ ನೀರು ಹಾಕಿಕೊಂಡು, ರೇಷ್ಮೆ ಸೀರೆಯುಟ್ಟಿದ್ದಳು; ತಟ್ಟೆಯಲ್ಲಿ ತಂಬಿಟ್ಟಿನ ದೀಪ ಉರಿಯುತ್ತಿತ್ತು. ಹಿಂದೆ ಬೀದಿಯ ನಾಲ್ಕಾರು ಹೆಂಗಸರು.

"ಒತ್ಕೋ ಅತ್ತಿಗೆ" ಎಂದು ತಟ್ಟೆ ಮುಂದೆ ಹಿಡಿದಳು.

"ಯಶೋದಾ, ನಿನಗೆ ಮೊದ್ಲೇ ಹೇಳಿದ್ದೆ."

"ಇದು ನಾನು ಹೊತ್ತ ಹರಕೆ. ನಿನ್ನ ಕಣ್ಣಿಗೋಸ್ಕರ ಉಪವಾಸ ಇದ್ದು ತಂದಿದ್ದೀನಿ. ಒಂದು ಸಲ ಒತ್ಕೊಂಡ್ರೆ ಏನಾಗೋಗುತ್ತೆ?"

"ಒಂದು ಸಲ ಆಗಿದ್ದು ಸಾಕಾಗಿಲ್ವಾ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊರಮ್ಮನ ಆರತಿ ಹೊಸಿಲಲ್ಲಿ ನಿಂತಿದೆ, ಮನೆಯಾಕೆ ಕೈ ಚಾಚುತ್ತಿಲ್ಲ. ಅಮ್ಮನ ಮೇಲೆ ಆಂಜನಮ್ಮನಿಗಿದ್ದ ಭಕ್ತಿ ಆ ಬೀದಿಯಲ್ಲಿ ಯಾರದಕ್ಕೂ ಕಡಿಮೆಯದಲ್ಲ. ಆದರೂ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು. ಚಾಚಿದರೆ ರೂಢಿಯ ಕೈ ತಾನಾಗಿಯೇ ಕಣ್ಣಿಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ಗಂಡನ ಕಡೆ ತಿರುಗಿ, "ರೀ, ನನ್ನ ಪಾಲಿಂದು ನೀವು ಒತ್ಕೊಳ್ಳಿ. ನೀವು ತಿನ್ನಿ" ಎಂದಳು.

ರಾಮಾಂಜಿನಪ್ಪ ಕೂತಲ್ಲಿಂದ ಎದ್ದ. ಇಂಥ ವಿಷಯದಲ್ಲಿ ಅವನು ಎಂದೂ ಮುಂದೆ ಬಂದವನಲ್ಲ. ಬಂದು, ದೀಪದ ಮೇಲೆ ಅಂಗೈ ಹಿಡಿದು, ಎಡಗಣ್ಣಿಗೆ ಒಮ್ಮೆ, ಬಲಗಣ್ಣಿಗೆ ಒಮ್ಮೆ ನಿಧಾನವಾಗಿ ಒತ್ತಿಕೊಂಡ. ತುಂಡು ಮುರಿದು ಬಾಯಿಗೆ ಹಾಕಿಕೊಂಡ. "ಅಮ್ಮನಿಗೆ ಗೊತ್ತಾಗುತ್ತೆ ಬಿಡಮ್ಮ, ನಾನು ಯಾರ ಕಣ್ಣಿಗೆ ಒತ್ಕೊಂಡೆ ಅಂತ" ಎಂದ ತಂಗಿಗೆ.

ಯಶೋದಮ್ಮ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು. "ಅಮ್ಮನಿಗೇ ಬೆನ್ನು ತೋರಿಸ್ದೆ ಅತ್ತಿಗೆ. ಇದು ಒಳ್ಳೇದಾಗಲ್ಲ" ಎಂದು ಹೊರಟುಹೋದಳು. ಅಂದಿನಿಂದ ಎದುರು ಮನೆಗೂ ಈ ಮನೆಗೂ ಮಾತು ಕಡಿಮೆಯಾಯಿತು. ಒಂದೇ ಮನೆಯಲ್ಲಿ ಬೆಳೆದ ಅಕ್ಕತಂಗಿಯರ ಹಾಗಿದ್ದವರು. ಆಂಜನಮ್ಮನಿಗೆ ಇದು ಕಣ್ಣಿನ ನೋವಿಗಿಂತ ಹೆಚ್ಚು ನೋವು ಕೊಟ್ಟಿತು. ಆದರೆ ಡ್ರಾಪ್ಸ್ ನಿಲ್ಲಲಿಲ್ಲ.

ಕಣ್ಣು ತಿಳಿಯಾಗುತ್ತ ಬಂತು. ಸೂಜಿಯ ಕಣ್ಣಿಗೆ ತಾನೇ ದಾರ ಪೋಣಿಸಿದಳು. ಬೆಳೆದ ಮೆಂತ್ಯದ ಎಲೆಯಲ್ಲಿ ಕೂತ ಹುಳುವನ್ನು ದೂರದಿಂದಲೇ ಹಿಡಿದಳು. ಇಷ್ಟು ಚೆನ್ನಾಗಿ ಕಾಣುವಾಗ ಆಸ್ಪತ್ರೆಯ ದಾರಿ ಮರೆಯುವುದು ಸುಲಭ. ಹೋದ ಸಲ ಅವಳು ಮರೆತದ್ದೂ ಇಂಥದ್ದೇ ದಿನಗಳಲ್ಲಿ.

ಅಷ್ಟರಲ್ಲಿ ಯಶೋದಮ್ಮನ ಮಗಳು ಶ್ವೇತಳ ಮದುವೆ ಗೊತ್ತಾಗಿ ದಿನ ಹತ್ತಿರ ಬಂತು. ಇವರ ಮನೆಗಳಲ್ಲಿ ಚಪ್ಪರದ ಬೆಳಿಗ್ಗೆ ಹುಡುಗಿಗೆ ಮೊದಲ ಅರಿಶಿನ ಹಚ್ಚುವವಳು ಸೋದರಮಾವನ ಹೆಂಡತಿ. ಶ್ವೇತಳಿಗೆ ಆ ಅತ್ತೆಯೆಂದರೆ ಆಂಜನಮ್ಮ. ಎಣ್ಣೆ ಹಚ್ಚಿ, ಜಡೆ ಹೆಣೆದು, ಸ್ಕೂಲಿಗೆ ಬಿಟ್ಟು ಬೆಳೆಸಿದ ಹುಡುಗಿ. ಚಪ್ಪರ ಗುರುವಾರ ಬಿತ್ತು. ಆಂಜನಮ್ಮನ ಕಣ್ಣಿನ ಹಿಂದಿನ ಪರದೆ ನೋಡುವ ದಿನವೂ ಅದೇ ಗುರುವಾರ. ಆ ಪರೀಕ್ಷೆ ಮಾಡುವ ಡಾಕ್ಟರು ಆಸ್ಪತ್ರೆಗೆ ಬರುವುದೇ ಗುರುವಾರ ಬೆಳಿಗ್ಗೆ.

ತಿಂಗಳ ಮೇಲೆ ಮೊದಲ ಸಲ ಆಂಜನಮ್ಮ ಎದುರು ಮನೆಯ ಮೆಟ್ಟಿಲು ಹತ್ತಿದಳು. "ಅರಿಶಿನ ಮಧ್ಯಾಹ್ನಕ್ಕೆ ಇಟ್ಕೋ ಯಶೋದಾ, ಅಷ್ಟರಲ್ಲಿ ಬಂದ್ಬಿಡ್ತೀನಿ."

"ಶಾಸ್ತ್ರದ ಹೊತ್ತು ನಿನ್ನ ಆಸ್ಪತ್ರೆ ನೋಡ್ಕೊಂಡು ಬರಲ್ಲ. ಚೆನ್ನಾಗಿ ಕಾಣುತ್ತಲ್ಲ ನಿನಗೆ? ಮುಂದಿನ ಗುರುವಾರ ಹೋಗು."

"ನನ್ನ ಬಲಗಣ್ಣು ಹೋಗಿದ್ದೇ ಮುಂದಿನ ಗುರುವಾರದಿಂದ."

"ಅಂದ್ರೆ ನನ್ನ ಮಗಳಿಗಿಂತ ನಿನ್ನ ಕಣ್ಣೇ ಹೆಚ್ಚಾ?"

ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದವರು, ಅಕ್ಕಿ ಕೇರುತ್ತಿದ್ದವರು ಕೈ ನಿಲ್ಲಿಸಿದರು. ಇಂಥ ಪ್ರಶ್ನೆಗೆ ಇಲ್ಲಪ್ಪ, ಹಾಗಲ್ಲಪ್ಪ ಎಂದು ಏನೋ ಒಂದು ಹೇಳಿ ಜಾರಿಕೊಳ್ಳುವುದು ಮರ್ಯಾದೆ. ಆಂಜನಮ್ಮನಿಗೆ ಜಾರಿಕೊಳ್ಳಲು ಬರಲಿಲ್ಲ.

"ನನ್ನ ಕಣ್ಣು ನನಗೆ ಹೆಚ್ಚೇ ಕಣೇ" ಎಂದಳು. "ಅದು ಹೋದ್ರೆ ನಿನ್ನ ಮಗಳ ಮುಖಾನೂ ಹೋಗುತ್ತೆ ನನಗೆ."

ಗುರುವಾರ ಬೆಳಿಗ್ಗೆ ಎದುರು ಮನೆಯ ಮುಂದೆ ಓಲಗ ಊದತೊಡಗಿದಾಗ ಆಂಜನಮ್ಮ ಗಂಡನ ಜೊತೆ ಆಟೋ ಹತ್ತಿದಳು. ದಾರಿಯುದ್ದಕ್ಕೂ ಅತ್ತಳು, ಸೆರಗಿನಿಂದ ಕೆನ್ನೆ ಮಾತ್ರ ಒರೆಸಿಕೊಂಡಳು. ಹಲಸೂರಿನ ಕೆರೆ ದಾಟುವಾಗ ರಾಮಾಂಜಿನಪ್ಪ, "ವಾಪಸ್ ಹೋಗೋಣ್ವಾ?" ಎಂದು ಮೆಲ್ಲಗೆ ಕೇಳಿದ. "ಗಾಡಿ ನಿಲ್ಲಿಸಿದ್ರೆ ನಡ್ಕೊಂಡೇ ಹೋಗ್ತೀನಿ" ಎಂದಳು.

ಪರದೆಯ ಡಾಕ್ಟರು ನೋಡಿದರು. ಇನ್ನೊಮ್ಮೆ ನೋಡಿದರು. ಶಾಂತಕುಮಾರಿಯವರನ್ನೂ ಕರೆದು ತೋರಿಸಿದರು. ಆಂಜನಮ್ಮ ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು.

"ಊತ ಶುರುವಾಗಿದೆ ಅಮ್ಮ" ಎಂದರು ಶಾಂತಕುಮಾರಿ. "ಗಾಬರಿ ಆಗ್ಬೇಡಿ, ತುಂಬಾ ಕಡಿಮೆ ಇದೆ. ನಿಮಗಿನ್ನೂ ಗೊತ್ತೇ ಆಗಿಲ್ಲ. ಡ್ರಾಪ್ಸ್ ಬದಲಾಯಿಸಿ ಮುಂದುವರಿಸ್ತೀವಿ, ಎರಡು ವಾರಕ್ಕೆ ಮತ್ತೆ ನೋಡ್ತೀವಿ. ಇಷ್ಟು ಬೇಗ ಸಿಕ್ಕಿದ್ರೆ ಸಾಮಾನ್ಯವಾಗಿ ಇಳಿಯುತ್ತೆ. ಕಾಣ್ತಾ ಇದೆಯಲ್ಲ ಅಂತ ಮನೇಲಿ ಕೂತಿದ್ರೆ..." ಅವರು ಮಾತು ಮುಗಿಸಲಿಲ್ಲ. ಆಂಜನಮ್ಮನಿಗೆ ಮುಗಿಸುವುದು ಬೇಕೂ ಇರಲಿಲ್ಲ. ಅವಳು ಡಾಕ್ಟರ ಎರಡು ಕೈಯನ್ನೂ ಹಿಡಿದುಕೊಂಡಳು.

ಮನೆ ಮುಟ್ಟಿದಾಗ ಅರಿಶಿನ ಆಗಿಹೋಗಿತ್ತು, ಬೇರೆ ಯಾರೋ ದೊಡ್ಡಮ್ಮ ಹಚ್ಚಿದ್ದಳು. ಕಪ್ಪು ಕನ್ನಡಕ ಹಾಕಿಕೊಂಡು ಚಪ್ಪರದ ಮೂಲೆಯಲ್ಲಿ ನಿಂತ ಆಂಜನಮ್ಮನನ್ನು ಯಾರೂ ಬಾ ಅನ್ನಲಿಲ್ಲ. ಶ್ವೇತ ಮಾತ್ರ ಮಣೆಯಿಂದ ಎದ್ದು ಬಂದು, "ಡಾಕ್ಟ್ರು ಏನಂದ್ರು ಅತ್ತೆ?" ಎಂದು ಕೇಳಿದಳು. "ಉಳಿಯುತ್ತೆ ಅಂದ್ರು" ಎಂದಳು ಆಂಜನಮ್ಮ. ಹುಡುಗಿ ಅವಳ ಭುಜಕ್ಕೆ ತಲೆಯಿಟ್ಟು ನಿಂತಳು, ಸೀರೆಯೆಲ್ಲ ಅರಿಶಿನವಾಯಿತು.

ಮಾರನೆಯ ದಿನ ಹಲಸೂರಿನ ಛತ್ರದಲ್ಲಿ ಮುಹೂರ್ತ. ಆಂಜನಮ್ಮ ಮಂಟಪದ ಬಳಿ ಒಂದು ಪಕ್ಕಕ್ಕೆ ನಿಂತಿದ್ದಳು. ಪುರೋಹಿತರು ತಾಯಿಯನ್ನು ಕರೆದರು, ಮಗಳ ಹಣೆಗೆ ಕುಂಕುಮವಿಡಲು. ಯಶೋದಮ್ಮ ಭರಣಿಯಲ್ಲಿ ಬೆರಳದ್ದಿ ಬಗ್ಗಿದಳು. ಮೊದಲು ಕಿರುಬೆರಳು ಶ್ವೇತಳ ಮೂಗನ್ನು ಹುಡುಕಿ ಮುಟ್ಟಿತು, ಅಲ್ಲಿಂದ ದಾರಿ ಹಿಡಿದು ಉಂಗುರದ ಬೆರಳು ಮೇಲಕ್ಕೆ ಹೋಯಿತು, ಕುಂಕುಮ ಎಡಹುಬ್ಬಿನ ಮೇಲೆ ಕೂತಿತು. ನೂಕುನುಗ್ಗಲಿನಲ್ಲಿ ಕೈ ತಪ್ಪಿತೆಂದು ಸುತ್ತಲಿದ್ದವರು ನಕ್ಕರು. ಯಶೋದಮ್ಮ ಏನೂ ಆಗದವಳಂತೆ ತೃಪ್ತಿಯಿಂದ ಹಿಂದೆ ಸರಿದಳು. ಆಂಜನಮ್ಮ ನಗಲಿಲ್ಲ. ಬೆರಳಿನಿಂದ ದಾರಿ ಹುಡುಕುವ ಆ ರೀತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮುಂದೆ ಹೋಗಿ ಹುಬ್ಬು ಒರೆಸಿ, ಕುಂಕುಮವನ್ನು ಹಣೆಯ ನಡುವೆ ಇಟ್ಟಳು. ನಂತರ ನಾದಿನಿಯ ರಟ್ಟೆ ಹಿಡಿದು ಛತ್ರದ ಉಗ್ರಾಣಕ್ಕೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ಯಾವತ್ತಿಂದ?"

"ಏನ್ ಯಾವತ್ತಿಂದ? ಬಿಡು ಅತ್ತಿಗೆ, ಅಲ್ಲಿ ಎಲ್ಲಾ ಕಾಯ್ತಾವ್ರೆ..."

"ನನ್ನ ಮುಖ ನೋಡಿ ಹೇಳು. ಯಾವತ್ತಿಂದ ಕಾಣ್ತಾ ಇಲ್ಲ?"

ಯಶೋದಮ್ಮ ಅವಳ ಮುಖದ ಕಡೆ ತಿರುಗಿದಳು, ಆದರೆ ದೃಷ್ಟಿ ಕಿವಿಯ ಪಕ್ಕಕ್ಕೆ ಹೋಯಿತು. ಅಷ್ಟೇ, ಅಕ್ಕಿ ಮೂಟೆಯ ಮೇಲೆ ಕುಸಿದು ಬಿಕ್ಕತೊಡಗಿದಳು.

"ನಿನ್ನ ಆಪರೇಷನ್‌ಗೂ ಮುಂಚಿಂದ. ನಿನ್ನ ಬಲಗಣ್ಣು ಹಂಗಾಗಿದ್ದು ನೋಡಿದ್ನಲ್ಲ, ಕೊಯ್ಯಿಸ್ಕೊಳ್ಳಕ್ಕೆ ಭಯ. ಯಾರಿಗೂ ಹೇಳ್ಲಿಲ್ಲ. ಅವತ್ತು ಆರತಿ ತಂದ್ನಲ್ಲ, ಅದು ನಿನ್ನ ಕಣ್ಣಿಗೆ ಮಾತ್ರ ಅಲ್ಲ ಅತ್ತಿಗೆ. ನಿನ್ನ ಹೆಸರಿನ ಜೊತೆ ನನ್ನದೂ ಸೇರಿಸಿ ಹರಕೆ ಹೊತ್ತಿದ್ದೆ. ನೀನು ಕೈ ಹಿಂದೆ ಕಟ್ಕೊಂಡಾಗ ನನ್ನ ಕಣ್ಣೂ ಹೋಯ್ತು ಅಂದ್ಕೊಂಡೆ."

ತಿಂಗಳಿನಿಂದ ಎದೆಯಲ್ಲಿ ಕಟ್ಟಿಟ್ಟಿದ್ದ ಸಿಟ್ಟೆಲ್ಲ ಆಂಜನಮ್ಮನಿಗೆ ಒಮ್ಮೆಲೇ ಇಳಿದುಹೋಯಿತು. ಎದುರು ಬದುರು ಮನೆಯಲ್ಲಿದ್ದುಕೊಂಡು ಈ ಹೆಂಗಸು ಒಬ್ಬಳೇ ಹೀಗೆ ಕತ್ತಲಲ್ಲಿ ಕೂತಿದ್ದಳಲ್ಲ ಎಂದುಕೊಂಡಳು. ಕಣ್ಣುಜ್ಜಲು ಹೋದ ನಾದಿನಿಯ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ನಿಂದು ಹೋಗಿಲ್ಲ. ಬರೀ ಪೊರೆ ಇರ್ಬಹುದು, ಒಳಗೆ ಏನಿದ್ಯೋ ನೋಡಿಸ್ಬೇಕು. ಗುರುವಾರ ನನ್ನ ಜೊತೆ ಬರ್ತೀಯ."

"ನನಗೂ ನಿನ್ನ ಬಲಗಣ್ಣಿನ ಹಾಗೆ ಆಗ್ಬಿಟ್ರೆ?"

"ಆಗಲ್ಲ ಅಂತ ನಾನ್ ಹೇಳಲ್ಲ. ಆಗ್ದೇ ಇರೋ ಹಾಗೆ ಏನೇನು ಮಾಡ್ಬೇಕೋ ಅಷ್ಟೂ ನಿನ್ ಕೈಲಿ ಮಾಡಿಸ್ತೀನಿ. ನೀನು ಅತ್ರೂ ಸರಿ, ಬೈದ್ರೂ ಸರಿ, ಬಿಡಲ್ಲ."

ಹೊರಗೆ ಪುರೋಹಿತರು ಧಾರೆಗೆ ಹುಡುಗಿಯ ತಾಯಿ ಎಲ್ಲಿ ಎಂದು ಕೂಗಿದರು. ಆಂಜನಮ್ಮ ನಾದಿನಿಯ ಮುಖ ಒರೆಸಿ, ಸೆರಗು ಸರಿ ಮಾಡಿ, ಮಂಟಪಕ್ಕೆ ಕರೆತಂದು ತಾನು ಪಕ್ಕದಲ್ಲೇ ಒತ್ತಿಕೊಂಡು ನಿಂತಳು. ಗಟ್ಟಿಮೇಳ ಮೊಳಗಿತು. ಯಶೋದಮ್ಮ ಗಿಂಡಿ ಎತ್ತಿದಳು. ಧಾರೆಯ ನೀರು ಆಚೀಚೆ ಹೋಗದೆ ಮಗಳ ಕೈ ಮೇಲೇ ಬೀಳುವಂತೆ ಆಂಜನಮ್ಮ ಸೆರಗಿನ ಮರೆಯಲ್ಲಿ ಅವಳ ಮಣಿಕಟ್ಟನ್ನು ಕೊನೆಯ ಹನಿಯವರೆಗೂ ಹಿಡಿದುಕೊಂಡಿದ್ದಳು.